ಕಾರಿಗೆ ಹಾಕಿದ ತುಪ್ಪದ ಪಟ್ಟು

ನನ್ನ ಹೊಲಿಗೆ ಡಬ್ಬಿಯ ತಳದಲ್ಲಿ, ಗುಂಡಿಗಳೂ ನೂಲಿನುಂಡೆಗಳೂ ಸೊಟ್ಟಗಾದ ಪಿನ್ನುಗಳೂ ಬಿದ್ದಿರುವಲ್ಲಿ, ಒಂದು ಕಪ್ಪು ಕಾಗದದ ಚೂರಿದೆ. ಮೊನ್ನೆ ಅಂಗಿಯ ಗುಂಡಿ ಹುಡುಕಲು ಕೈಹಾಕಿದ ಚಿರು ಅದನ್ನು ಎಳೆದು ತೆಗೆದು, "ಅಜ್ಜೀ, ಇದೇನು ಬೆಕ್ಕಿನ ನಾಲಿಗೆ ಇದ್ದಂಗಿದೆ?" ಎಂದ. "ಉಪ್ಪು ಕಾಗದ ಕಣೋ" ಎಂದೆ. ಅಷ್ಟು ಹೇಳಿ ಒಲೆಯ ಮೇಲಿನ ಬೇಳೆ ನೋಡಿಕೊಂಡು ಬರುವುದರೊಳಗೆ ಚಿರು, ಸಿರಿ, ನೀವಿಬ್ಬರೂ ಸರದಿಯ ಮೇಲೆ ಅದನ್ನು ನೆಕ್ಕಿ ನೋಡಿದ್ದಿರಿ. "ಅಜ್ಜಿ ಸುಳ್ಳು ಹೇಳ್ತಾಳೆ, ಉಪ್ಪೇ ಇಲ್ಲ" ಎಂದು ಸಿರಿ ಅಪ್ಪನ ಹತ್ತಿರ ದೂರು ಒಯ್ದಳು. ನಿಮ್ಮ ಅಪ್ಪ ಆ ಚೂರನ್ನು ನೋಡಿದ, ನನ್ನ ಮುಖ ನೋಡಿದ, ಅದನ್ನು ಡಬ್ಬಿಯಲ್ಲೇ ಹಾಕಿ ಮುಚ್ಚಿದ.

ಉಪ್ಪು ಕಾಗದಕ್ಕೆ ಆ ಹೆಸರು ಯಾಕೆ ಬಂತೋ ನನಗೂ ಗೊತ್ತಿಲ್ಲ ಮಕ್ಕಳೇ. ಮುಟ್ಟಿದರೆ ಕಲ್ಲುಪ್ಪಿನ ಹಾಗೆ ಚುಚ್ಚುವುದಕ್ಕೆ ಇರಬೇಕು. ಮರವನ್ನೋ ಕಬ್ಬಿಣವನ್ನೋ ಉಜ್ಜಿ ನುಣುಪು ಮಾಡುವ ಕಾಗದ ಅದು. ಹೊಲಿಗೆ ಕೆಲಸಕ್ಕೆ ಅದು ಬೇಕಾಗುವುದಿಲ್ಲ. ಆದರೂ ನನ್ನ ಡಬ್ಬಿಯಲ್ಲಿ ಯಾಕಿದೆ ಎನ್ನುವುದನ್ನು ಬಾಯಲ್ಲಿ ಹೇಳಲು ಹೋದರೆ ನಾನು ಅರ್ಧಕ್ಕೇ ನಿಲ್ಲಿಸಿ, "ಇರಲಿ ಬಿಡ್ರಪ್ಪಾ, ಸಾರು ಉಕ್ಕುತ್ತೆ" ಎಂದು ಎದ್ದು ಹೋಗುವವಳು. ನೆಂಟರು ಬಂದರೆ ಕಾಫಿ ಲೋಟ ಇಟ್ಟು ಬಾಗಿಲ ಹಿಂದಕ್ಕೆ ಸರಿಯುವುದು ನನಗೆ ಹುಟ್ಟಿನಿಂದ ಬಂದ ರೋಗ. ಅದಕ್ಕೇ ನಿಮ್ಮ ಅಪ್ಪ ಶಾಲೆಯಿಂದ ತಂದುಕೊಟ್ಟ, ವರ್ಷ ಮುಗಿದ ಈ ಡೈರಿಯಲ್ಲಿ ಬರೆದಿಡುತ್ತಿದ್ದೇನೆ. ಕಾಗದ ಎದುರು ಕೂತು ನಗುವುದಿಲ್ಲ.

ಬರೆಯಲು ಕಲಿತದ್ದು ಮಾಲೂರು ಕಡೆಯ ನನ್ನ ಹಳ್ಳಿಯ ಶಾಲೆಯಲ್ಲಿ. ಏಳನೇ ತರಗತಿಯವರೆಗೆ. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಮೂರು ಕಾಲಿನ ಮೇಲೆ ನಿಲ್ಲಿಸಿದ ಒಂದು ಕರಿಹಲಗೆ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುವಷ್ಟರಲ್ಲಿ ನನ್ನ ಗಂಟಲು ಕಟ್ಟುತ್ತಿತ್ತು. ಹಾಗಾಗಿ ದಡ್ಡರ ಸಾಲಿನಲ್ಲೇ ಕೂತೆ. ಆದರೆ ಒಂದು ವಿಷಯದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ ಕರಿಹಲಗೆಗೆ ಮಸಿ ಬಳಿಯುವುದು ಹೆಣ್ಣುಮಕ್ಕಳ ಪಾಲಿನ ಕೆಲಸ. ಇದ್ದಿಲು ಕುಟ್ಟಿ, ಸೊಪ್ಪಿನ ರಸದಲ್ಲಿ ಅರೆದು, ಬಟ್ಟೆಯಲ್ಲಿ ಅದ್ದಿ ಬಳಿಯಬೇಕು. ಉಳಿದ ಹುಡುಗಿಯರು ಸೀಮೆಸುಣ್ಣದ ಪುಡಿಯ ಮೇಲೇ ಮಸಿ ಸವರಿ ಕುಂಟೆಬಿಲ್ಲೆ ಆಡಲು ಓಡುತ್ತಿದ್ದರು. ಸೋಮವಾರ ಮೇಷ್ಟ್ರು ಎರಡು ಅಕ್ಷರ ಬರೆದರೆ ಆ ಮಸಿ ಹಪ್ಪಳದ ಹಾಗೆ ಎದ್ದು ಬೀಳುತ್ತಿತ್ತು. ನನ್ನ ಸರದಿ ಬಂದಾಗ ನಾನು ಒದ್ದೆ ಗೋಣಿಚೀಲದಲ್ಲಿ ಹಳೆಯದನ್ನೆಲ್ಲ ಮರ ಕಾಣುವವರೆಗೆ ಉಜ್ಜಿ, ಬಿಸಿಲಿಗಿಟ್ಟು ಒಣಗಿಸಿ, ಆಮೇಲೆ ಬಳಿಯುತ್ತಿದ್ದೆ. ಒಂದು ಸಲ ಬಳಿದು, ಒಣಗಿಸಿ, ಇನ್ನೊಂದು ಸಲ. ಆಟ ತಪ್ಪಿಹೋಗುತ್ತಿತ್ತು. ಆಟಕ್ಕೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ ಅನ್ನಿ, ಅದು ಬೇರೆ ವಿಚಾರ.

ಮದುವೆಯಾಗಿ ಬಂದದ್ದು ಮುಳಬಾಗಿಲು ತಾಲ್ಲೂಕಿಗೆ, ದೇವರಾಯಸಮುದ್ರದ ಪಕ್ಕದ ಹಳ್ಳಿಗೆ. ಇಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಜಗಳಕ್ಕೆ ಎರಡೂ. ನನಗೆ ತೆಲುಗು ಒಂದಕ್ಷರ ಬಾರದು. ಬಾರದು ಎಂದು ಹೇಳಲು ನಾಚಿಕೆ. ಯಾರು ಏನು ಹೇಳಿದರೂ "ಊಂ" ಎಂದು ತಲೆಯಾಡಿಸಿ, ಆಮೇಲೆ ಕೈಗೆ ಸಿಕ್ಕ ಎರಡು ಮಾತು ಹಿಡಿದು ಉಳಿದದ್ದನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ.

ಮದುವೆಯಾದ ಎರಡನೇ ವರ್ಷ ನಿಮ್ಮ ತಾತ ಮುಳಬಾಗಿಲಿನ ವಕೀಲರೊಬ್ಬರಿಂದ ಕಾರು ಕೊಂಡು ತಂದರು. ಆಗಲೇ ಅದು ಮೂರನೇ ಕೈ. ಕೆನೆ ಬಣ್ಣ, ದುಂಡು ಮೈ, ಬಾಗಿಲು ಹಾಕಿದರೆ ಅಕ್ಕಿಮೂಟೆ ನೆಲಕ್ಕೆ ಇಳಿಸಿದಂಥ ಸದ್ದು. ಅದಕ್ಕೆ ತಗಡು ತಟ್ಟುವುದು, ಬಣ್ಣ ಹೊಡೆಯುವುದು ಎಲ್ಲಾ ಮುಳಬಾಗಿಲಿನ ಆಚಾರಿಯದು. ಟಿಂಕರಿಂಗ್ ಆಚಾರಿ ಎಂದರೆ ಈಗಲೂ ಅವನೇ. ತಾತನನ್ನು ಅಣ್ಣ ಎನ್ನುತ್ತಿದ್ದ, ನನ್ನನ್ನು ವದಿನಮ್ಮ ಎನ್ನುತ್ತಾನೆ. ತೆಲುಗಿನಲ್ಲಿ ಅತ್ತಿಗೆ ಎಂದು ಅರ್ಥ. ಅದು ಮಾತ್ರ ನನಗೆ ಬೇಗ ತಿಳಿಯಿತು.

ಒಂದು ದಿನ ಆಚಾರಿ ನಮ್ಮ ಹಳ್ಳಿಗೆ ಯಾರದೋ ಕೆಲಸಕ್ಕೆ ಬಂದವನು ಅಂಗಳದಲ್ಲಿ ನಿಂತ ಕಾರನ್ನು ಒಂದು ಸುತ್ತು ಹಾಕಿ, ಬಾಗಿಲಿನ ಕೆಳಗೆ ಬಗ್ಗಿ ನೋಡಿ, ಹೊಸಿಲಲ್ಲಿ ನಿಂತಿದ್ದ ನನಗೆ ಹೇಳಿದ: "ಡೋರು ಕಿಂದ ತುಪ್ಪು ಪಟ್ಟಿಂದಿ ವದಿನಮ್ಮಾ. ಅನ್ನಕಿ ಚೆಪ್ಪಂಡಿ, ಈ ದಿನಮೇ ಚೂಡಾಲ." ನಾನು "ಊಂ" ಎಂದೆ. ಅವನು ಹೋದ.

ನಾನು ಕೂತು ಬಿಡಿಸಿದೆ. ಡೋರು ಎಂದರೆ ಬಾಗಿಲು. ತುಪ್ಪು ಎಂದರೆ ತುಪ್ಪ. ಪಟ್ಟಿಂದಿ ಎಂದರೆ ಪಟ್ಟು, ಇಂದೇ. ಕಾರಿನ ಬಾಗಿಲಿಗೆ ಇಂದೇ ತುಪ್ಪದ ಪಟ್ಟು ಹಾಕಬೇಕು! ಉಳುಕಿದ ಕಾಲಿಗೆ ಪಟ್ಟು ಹಾಕುವುದಿಲ್ಲವೇ, ಯಂತ್ರಕ್ಕೂ ಏನೋ ನೋವಿರಬೇಕು ಎಂದುಕೊಂಡೆ. ತಾತ ರೇಷ್ಮೆಗೂಡಿನ ಮೂಟೆ ಹೊತ್ತು ಬಸ್ಸಿನಲ್ಲಿ ಮಾರ್ಕೆಟ್ಟಿಗೆ ಹೋಗಿದ್ದರು. ಅತ್ತೆ ಹೊಲದಲ್ಲಿದ್ದರು. ಅತ್ತೆ ಆ ಬೆಳಿಗ್ಗೆ ಕಾಸಿಟ್ಟಿದ್ದ ತುಪ್ಪದ ಗಡಿಗೆ ಇಳಿಸಿ, ಹಳೆ ಪಂಚೆಯನ್ನು ಉದ್ದಕ್ಕೆ ಸೀಳಿ, ತುಪ್ಪದಲ್ಲಿ ಅದ್ದಿ, ನಾಲ್ಕೂ ಬಾಗಿಲಿನ ಕೆಳಗೆ ನೀಟಾಗಿ ಅಂಟಿಸಿದೆ. ಕೆಲಸದಲ್ಲಿ ನಾನು ಎಂದೂ ಅರೆಮನಸ್ಸಿನವಳಲ್ಲ.

ಸಂಜೆ ತಾತ ಬಂದಾಗ ಬೀದಿಯ ಎರಡು ನಾಯಿಗಳು ಕಾರಿನ ಎಡಬಲ ಹಂಚಿಕೊಂಡು ನೆಕ್ಕುತ್ತಿದ್ದವು. ಬೇವಿನ ಮರದಿಂದ ಕಾರಿನವರೆಗೆ ಕಟ್ಟಿರುವೆಗಳ ಮೆರವಣಿಗೆ. ಅತ್ತೆ ಖಾಲಿ ಗಡಿಗೆ ಹಿಡಿದು ನಿಂತಿದ್ದರು. "ಏನೇ ಇದು, ಕಾರಿಗೆ ಬಾಣಂತನ ಮಾಡ್ತಿದ್ದೀಯಾ?" ಎಂದರು. ನಾನು ಆಚಾರಿ ಹೇಳಿದ್ದನ್ನು ಹೇಳಿದೆ. ತಾತ ನಗಲಿಲ್ಲ. ಹುಲ್ಲಿನ ಬಣವೆಯ ಹಿಂದಕ್ಕೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. "ತೆಲುಗಲ್ಲಿ ತುಪ್ಪು ಅಂದ್ರೆ ತುಕ್ಕು ಕಣೇ. ಬಾಗಿಲ ಕೆಳಗೆ ತುಕ್ಕು ಹಿಡಿದಿದೆ ಅಂದಿದ್ದು ಅವನು" ಎಂದರು ಮೆಲ್ಲಗೆ. ಆಮೇಲೆ ನನ್ನ ಮುಖ ನೋಡಿ, "ಆದ್ರೂ ನೀನು ಮಾಡಿದ್ದು ಅರ್ಧ ಸರಿನೇ. ಜಿಡ್ಡಿದ್ದ ಕಡೆ ತುಕ್ಕು ಹತ್ತಲ್ಲ" ಎಂದರು.

ಆ ಅರ್ಧ ಸರಿಯನ್ನು ನಾನು ಬಹಳ ವರ್ಷ ಜೋಪಾನವಾಗಿ ಇಟ್ಟುಕೊಂಡೆ. ತಾತ ಯಾರಿಗೂ ಹೇಳಲಿಲ್ಲ. ಅತ್ತೆ ದೇವರಾಯಸಮುದ್ರದ ಕೆರೆ ಏರಿಯವರೆಗೂ ಹೇಳಿದರು.

ತಾತನೂ ಮಾತು ಕಡಿಮೆಯವರೇ. ಮನೆ ತುಂಬ ಜನ. ನಾವಿಬ್ಬರು ಎದುರುಬದುರು ನಿಂತು ಮಾತಾಡಿದ್ದೇ ಅಪರೂಪ. ನಾವು ಗಂಡ ಹೆಂಡತಿ ಮಾತಾಡಿದ್ದು ಈ ಕಾರಿನಲ್ಲಿ. ನನ್ನ ತವರಿಗೆ ಹೋಗುವಾಗ ಇಬ್ಬರೇ. ಆಗಲೂ ನಾನು ಹಿಂದಿನ ಸೀಟಿನ ಎಡಗಡೆ ಕೂರುತ್ತಿದ್ದೆ. "ಮುಂದೆ ಬಾರೇ, ನಾನೇನು ಬಾಡಿಗೆ ಡ್ರೈವರಾ?" ಎನ್ನುತ್ತಿದ್ದರು. "ಬೇಡಿ, ಊರೋರು ನೋಡ್ತಾರೆ" ಎನ್ನುತ್ತಿದ್ದೆ. ಅವರು ರಸ್ತೆ ನೋಡುತ್ತಿದ್ದರು, ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಮುಖ ನೋಡದೆ ಇದ್ದರೆ ಮಾತು ಎಷ್ಟು ಸಲೀಸಾಗಿ ಬರುತ್ತದೆ! ಎಲ್ಲೋ ಒಮ್ಮೆ ಅವರ ಕಣ್ಣು ಮೇಲಿನ ಸಣ್ಣ ಕನ್ನಡಿಯಲ್ಲಿ ಸಿಕ್ಕಿಬಿಡುತ್ತಿತ್ತು, ಅಷ್ಟೇ. ಹೊಟ್ಟೆಯಲ್ಲಿ ನಿಮ್ಮ ಅಪ್ಪ ಇದ್ದಾನೆಂದು ನಾನು ಹೇಳಿದ್ದು ಕೋಲಾರ ದಾಟಿ ಮಾಲೂರು ರಸ್ತೆಗೆ ತಿರುಗಿದ ಮೇಲೆ. ಅಲ್ಲಿಂದ ಮುಂದಕ್ಕೆ ತಾತ ಎಷ್ಟು ನಿಧಾನ ಓಡಿಸಿದರೆಂದರೆ ಸೌದೆ ತುಂಬಿದ ಎತ್ತಿನಗಾಡಿಯೊಂದು ನಮ್ಮನ್ನು ದಾಟಿಕೊಂಡು ಹೋಯಿತು. ಗಾಡಿಯವನು ತಿರುಗಿ ನೋಡಿ, "ಏನ್ ಸ್ವಾಮಿ, ಪೆಟ್ರೋಲ್ ಮುಗೀತಾ?" ಎಂದ.

ವಾರದ ಉಳಿದ ದಿನ ಅದು ಕಾರೇ ಅಲ್ಲ, ಲಾರಿ. ರೇಷ್ಮೆಗೂಡು ತುಂಬುತ್ತಿದ್ದರು, ಟೊಮೆಟೊ ಕ್ರೇಟು ತುಂಬುತ್ತಿದ್ದರು. ಟೊಮೆಟೊ ರಸ ಇಳಿದು ಒಳಗಿನ ನೆಲ ಒಮ್ಮೆ ತೂತು ಬಿದ್ದು, ತಾತ ಹೊಸ ತಗಡು ಹಾಕಿಸಿದ್ದರು. ಎಷ್ಟು ತೊಳೆದರೂ ಗೂಡಿನ ವಾಸನೆ ಹೋಗಲಿಲ್ಲ. ಅದು ನಿಮಗೆ ವಾಕರಿಕೆ. ನನಗೆ ಆ ವಾಸನೆ ಬಂದರೆ ತವರಿಗೆ ಹೊರಟಂತೆ ಮನಸ್ಸು ಹಗುರವಾಗುತ್ತದೆ.

ಆಮೇಲೆ ಹಳ್ಳಿ ಬಿಟ್ಟು ಮುಳಬಾಗಿಲಿನಲ್ಲಿ ಈ ಮನೆ ಕಟ್ಟಿದೆವು. ಆಚಾರಿಯ ಶೆಡ್ಡು ಹತ್ತಿರವಾಯಿತು. ಕಾರು ನಮ್ಮ ಜೊತೆಯೇ ಬಂತು.

ತಾತ ಹೋದ ಮೇಲೆ ಕಾರು ಗೋಡೆ ಪಕ್ಕದಲ್ಲಿ ನಿಂತುಬಿಟ್ಟಿತು. ನಿಮ್ಮ ಅಪ್ಪ ಮಂಜುನಾಥನಿಗೆ ಶ್ರೀನಿವಾಸಪುರದ ಶಾಲೆಗೆ ಹೋಗಿಬರಲು ಬೈಕೇ ಸಾಕು. ಕಾರು ಬಿಸಿಲಿಗೆ ಹಾಳಾಗಬಾರದೆಂದು ಅವನೇ ನೀಲಿ ಪ್ಲಾಸ್ಟಿಕ್ ಕವರು ತಂದು ಹೊದಿಸಿದ. ನಾನು ಶುಕ್ರವಾರ ಶುಕ್ರವಾರ ಕವರು ಸರಿಸಿ ಕಾರು ತೊಳೆಯುತ್ತಿದ್ದೆ. ತೊಳೆದು ಮತ್ತೆ ಹೊದಿಸುತ್ತಿದ್ದೆ. ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಅಮ್ಮನಿಗೆ ಸಮಾಧಾನ ಸಿಕ್ಕರೆ ಸಿಗಲಿ ಎಂದು ಸುಮ್ಮನಿದ್ದರು.

ಎರಡು ವರ್ಷ ಹೀಗೆ ಕಳೆಯಿತು. ಕಳೆದ ಸಲ ಮಳೆಗಾಲ ಮುಗಿದ ಮೇಲೆ ಕಾರಿನ ಎಫ್‌ಸಿ ಮಾಡಿಸುವ ಸಮಯ ಬಂತು. ಹಳೆಯ ಗಾಡಿ ಇನ್ನೂ ರಸ್ತೆಯ ಮೇಲೆ ಓಡಬಹುದು ಎಂದು ಆರ್‌ಟಿಓ ಕಚೇರಿಯವರು ಪರೀಕ್ಷೆ ಮಾಡಿ ಕೊಡುವ ಕಾಗದ ಅದು. ಅದಿಲ್ಲದಿದ್ದರೆ ಕಾರು ಬರೀ ಕಬ್ಬಿಣ. ನಿಮ್ಮ ಅಪ್ಪ ಭಾನುವಾರ ಕವರು ಪೂರ್ತಿ ತೆಗೆದು ಹಗಲು ಬೆಳಕಿನಲ್ಲಿ ಸುತ್ತ ನೋಡಿದ. ಗೋಡೆಯ ಕಡೆಯ, ನನಗೆ ಸರಿಯಾಗಿ ಕಾಣದ ಎಡಗಡೆ ಮೈಯಲ್ಲಿ ಬಣ್ಣ ಗುಳ್ಳೆ ಗುಳ್ಳೆಯಾಗಿ ಉಬ್ಬಿತ್ತು. ಹಿಂದಿನ ಬಾಗಿಲಿನ ಕೆಳಗಂತೂ ಅಂಗೈಯಷ್ಟಗಲ. ನಾನು ಬೆರಳಿಂದ ಒಂದು ಗುಳ್ಳೆ ಒತ್ತಿದೆ. ಚುರ್ ಎಂದು ಒಡೆದು ಕೆಂಪು ಪುಡಿ ಸುರಿಯಿತು. ಬೆರಳು ಒಳಕ್ಕೆ ಹೋಯಿತು.

"ನೋಡಿದ್ಯಾ ಅಮ್ಮ?" ಎಂದ. "ಕೈ ಇಟ್ರೆ ಪುಡಿಪುಡಿ. ಇದರಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋಕಾಗುತ್ತಾ? ತಿಂಗಳ ಕೊನೆಗೆ ಎಫ್‌ಸಿ ಮುಗಿಯುತ್ತೆ. ಗುಜರಿಗೆ ಕೊಟ್ಬಿಡೋಣ."

ಅವನ ಮಾತಿನಲ್ಲಿ ತಪ್ಪೇನಿತ್ತು? ನಿಮ್ಮ ಪುಟ್ಟ ಪಾದ ಆ ತೂತಿನಲ್ಲಿ ಇಳಿದರೆ ಎಂದು ನನಗೂ ಹೆದರಿಕೆಯಾಯಿತು. ಆದರೆ ಗುಜರಿಯವರು ಕಾರನ್ನು ಹೇಗೆ ಒಯ್ಯುತ್ತಾರೆಂದು ನಾನು ಹೈವೇಯಲ್ಲಿ ನೋಡಿದ್ದೇನೆ. ಗಾಜು ಕಿತ್ತು, ಸೀಟು ಕಿತ್ತು, ಒಂದರ ಮೇಲೊಂದು ಹೇರಿ. ಆ ಹಿಂದಿನ ಸೀಟು ರಸ್ತೆಬದಿಯಲ್ಲಿ ಬಿದ್ದಿರುವುದನ್ನು ನನ್ನ ಕಣ್ಣು ಆಗಲೇ ಕಂಡುಬಿಟ್ಟಿತು. ಮನಸ್ಸಿನಲ್ಲಿ ನೂರು ಮಾತು ಬಂತು. ಬಾಯಿಗೆ ಬಂದದ್ದು ಇಷ್ಟೇ: "ಆಚಾರಿಗೆ ಒಂದ್ಸಲ ತೋರ್ಸು ಮಂಜು."

"ತೋರಿಸಿ?"

"ಅವನು ಆಗಲ್ಲ ಅಂದ್ರೆ ಕೊಟ್ಬಿಡು."

"ಆಮೇಲೆ ಮುಖ ಚಿಕ್ಕದು ಮಾಡ್ಕೋಬಾರ್ದು."

"ಇಲ್ಲ."

ಮರುದಿನ ಕಾರು ಶೆಡ್ಡಿಗೆ ಹೊರಟಾಗ "ನಾನೂ ಬರ್ತೀನಿ" ಎಂದೆ. ನಿಮ್ಮ ಅಮ್ಮ ದೋಸೆ ಹುಯ್ಯುತ್ತಿದ್ದವಳು ಸೌಟು ಹಿಡಿದೇ ಹೊರಗೆ ಬಂದು ನನ್ನನ್ನು ನೋಡಿದಳು.

ಆಚಾರಿಗೂ ಈಗ ತಲೆ ಪೂರ್ತಿ ಬೆಳ್ಳಗಾಗಿದೆ. "ಏಮಿ ವದಿನಮ್ಮಾ, ಇಷ್ಟು ವರ್ಷಕ್ಕೆ ನಮ್ಮ ಶೆಡ್ಡಿಗೆ ದಾರಿ ಗೊತ್ತಾಯ್ತಾ?" ಎಂದು ಸ್ಟೂಲು ಹಾಕಿದ. ಆಮೇಲೆ ಬೆರಳ ಗೆಣ್ಣಿನಿಂದ ಕಾರಿನ ಮೈ ತಟ್ಟುತ್ತ ಹೋದ. ದಣ್, ದಣ್, ದಣ್. ಹಿಂದಿನ ಎಡಬಾಗಿಲಿಗೆ ಬಂದಾಗ ತಪ್ ಎಂದಿತು.

"ಇಲ್ಲಿ ತಗಡೇ ಇಲ್ಲ ಮಂಜು. ಬಣ್ಣ ಮಾತ್ರ ನಿಂತೈತೆ" ಎಂದ. ಸೊಂಟದ ಮೇಲೆ ಕೈಯಿಟ್ಟು ನಿಂತ. "ನಮ್ಮ ಸೀಮೇಲಿ ಮನುಷ್ಯರಿಗೇ ಕುಡಿಯೋಕೆ ನೆಟ್ಟಗೆ ನೀರಿಲ್ಲ. ತುಪ್ಪುಗೆ ಯಾರಪ್ಪಾ ನೀರು ಕೊಟ್ಟೋರು?"

"ಟೊಮೆಟೊ ಇರ್ಬೇಕು ಆಚಾರಿ. ಅಪ್ಪ ಹೇರ್ತಿದ್ರಲ್ಲ."

"ಟೊಮೆಟೊ ತಿಂದಿದ್ದು ಒಳಗಿನ ನೆಲ. ಅದಕ್ಕೆ ನಾನೇ ತಗಡು ಹಾಕಿದೀನಿ, ಗಟ್ಟಿಯಾಗೈತೆ. ಇದು ಹೊಸದು. ಎರಡು ವರ್ಷದ್ದು. ಪ್ಲಾಸ್ಟಿಕ್ ಕವರು ಹಾಕಿದ್ರಾ?"

"ನಾನೇ ತಂದಿದ್ದು" ಎಂದ ನಿಮ್ಮ ಅಪ್ಪ.

"ಸರಿ, ಕವರು ಹಾಕಿದ್ರಿ. ಒಳಗೆ ನೀರು ಹೆಂಗೆ ಹೋಯ್ತು?"

ನಿಮ್ಮ ಅಪ್ಪನಿಗೆ ಉತ್ತರ ಗೊತ್ತಿತ್ತು. ನೆಲ ನೋಡುತ್ತ ನಿಂತ. ಅವನು ಹಾಗೆ ನಿಂತದ್ದನ್ನು ನೋಡಿ ನಾನೇ ಸ್ಟೂಲಿನಿಂದ ಎದ್ದೆ.

"ಶುಕ್ರವಾರ ತೊಳೀತಿದ್ದೆ ಆಚಾರಿ" ಎಂದೆ. "ಧೂಳು ಕೂರಬಾರ್ದು ಅಂತ ತೊಳೆದ ತಕ್ಷಣ ಮುಚ್ತಿದ್ದೆ."

"ಒರೆಸ್ದೆ?"

"ಒರೆಸ್ದೆ."

"ಏನ್ರಲ್ಲಿ ಉಜ್ತಿದ್ರಿ?"

"ತೆಂಗಿನ ನಾರು. ಬೂದಿ."

ಆಚಾರಿ ಬಣ್ಣದ ಡಬ್ಬದ ಮೇಲೆ ಕುಸಿದು ಕೂತ. "ಅಯ್ಯೋ ನಮ್ಮ ವದಿನಮ್ಮಾ! ಕಾರನ್ನ ಬಾಣಲೆ ತಿಕ್ಕಿದಂಗೆ ತಿಕ್ಕಿದ್ದೀರಲ್ಲ! ಅವತ್ತು ತುಪ್ಪ ಹಾಕಿದ್ದೇ ವಾಸಿ!" ಎಂದ. ನಿಮ್ಮ ಅಪ್ಪ ನಕ್ಕುಬಿಟ್ಟ. ನಾನೂ ನಗಬೇಕೆಂದುಕೊಂಡೆ, ಆಗಲಿಲ್ಲ. ಬಿಸಿಲಲ್ಲೇ ಬಿಟ್ಟಿದ್ದರೆ ಕಾರು ಇಷ್ಟು ಬೇಗ ಕೆಡುತ್ತಿರಲಿಲ್ಲ. ಜೋಪಾನ ಮಾಡುತ್ತೇನೆಂದು ನಾನೇ ಅದನ್ನು ಒದ್ದೆ ಮೈಯಲ್ಲಿ ಹೊದಿಸಿ ಮಲಗಿಸಿದ್ದೆ, ವಾರ ವಾರ.

ನಾರು ತಿಕ್ಕಿದ ಕಡೆಯೆಲ್ಲ ಬಣ್ಣದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬೀಳುತ್ತದಂತೆ. ಗೀರಿನಲ್ಲಿ ನೀರು ಕೂರುತ್ತದೆ. ಕವರಿನೊಳಗೆ ಗಾಳಿಯಾಡದೆ ಆ ನೀರು ಬೆವರಿನಂತೆ ಮೈಗೇ ಅಂಟಿಕೊಂಡಿರುತ್ತದೆ. ಇಷ್ಟು ಹೇಳಿ ಆಚಾರಿ ಬಾಗಿಲಿನ ಅಡಿಗೆ ತಂತಿ ಹಾಕಿ ಕೆದಕಿದ. ಅಲ್ಲಿ ಸಣ್ಣ ತೂತುಗಳಿರುತ್ತವೆ, ಗಾಜಿನ ಸಂದಿಯಿಂದ ಇಳಿದ ನೀರು ಅದರ ಮೂಲಕ ಹೊರಗೆ ಹೋಗಬೇಕು. ನಮ್ಮ ಕಾರಿನಲ್ಲಿ ಅವೆಲ್ಲ ಮುಚ್ಚಿಹೋಗಿದ್ದವು. ಕೆದಕಿದರೆ ಉದುರಿದ್ದೇನು? ಕಪ್ಪಗಾದ ಅಕ್ಕಿಕಾಳು, ಗಟ್ಟಿಯಾದ ಕುಂಕುಮ. ಅಷ್ಟೂ ಆಯುಧಪೂಜೆಗಳಲ್ಲಿ ನಾನು ಭಕ್ತಿಯಿಂದ ಎರಚಿದ ಅಕ್ಷತೆ! "ದೇವರಿಗೆ ಹಾಕಿ ವದಿನಮ್ಮಾ, ಕಿಟಕಿ ಸಂದಿಗೆ ಹಾಕ್ಬೇಡಿ" ಎಂದ ಆಚಾರಿ.

"ಈಗ ಹೇಳು ಆಚಾರಿ, ಆಗುತ್ತಾ ಆಗಲ್ವಾ?" ಎಂದ ನಿಮ್ಮ ಅಪ್ಪ.

"ಎರಡು ದಾರಿ ಐತೆ. ತೂತಿಗೆ ಪುಟ್ಟಿ ಹಿಟ್ಟು ಮೆತ್ತಿ ಮೇಲೆ ಬಣ್ಣ ಹೊಡೆದ್ರೆ ಮೂರು ದಿನ. ಕನ್ನಡಿ ಆದಂಗೆ ಆಗುತ್ತೆ, ಯಾರಿಗೂ ಗೊತ್ತಾಗಲ್ಲ. ಮಳೆಗಾಲಕ್ಕೆ ಮತ್ತೆ ಒಳಗಿಂದ ತಿಂತದೆ. ಇನ್ನೊಂದು, ಕೊಳೆತಿದ್ದೆಲ್ಲ ಕತ್ತರಿಸಿ ಹೊಸ ತಗಡು ಬೆಸೆದು, ಉಜ್ಜಿ, ಪ್ರೈಮರ್ ಹೊಡೆದು ಮಾಡೋದು. ಮೂರು ವಾರ ಹಿಡೀತದೆ. ಕತ್ತರಿಸ್ತಾ ಹೋದಾಗ ಒಳಗೆ ಚೌಕಟ್ಟೂ ಹೋಗಿತ್ತು ಅಂದ್ರೆ ಅಲ್ಲಿಗೆ ಮುಗೀತು, ನಾನೇ ಗುಜರಿಯೋನ್ಗೆ ಫೋನ್ ಮಾಡ್ತೀನಿ. ಹೆಂಗೆ?"

ತಿಂಗಳು ಮುಗಿಯಲು ಇದ್ದದ್ದು ಮೂರು ವಾರ, ಎರಡು ದಿನ. ಪುಟ್ಟಿ ಮೆತ್ತಿದರೆ ಕಾರು ಉಳಿಯುವುದು ಗ್ಯಾರಂಟಿ. ಕತ್ತರಿಸಿದರೆ ಇಲ್ಲ. ನಿಮ್ಮ ಅಪ್ಪ ನನ್ನ ಮುಖ ನೋಡಿ, ಪಾಪ, ನನಗೋಸ್ಕರ, "ಪುಟ್ಟಿನೇ ಹಾಕ್ಸೋಣ ಬಿಡಮ್ಮ. ಮಕ್ಕಳನ್ನ ಕೂರಿಸೋದು ಬೇಡ, ಸುಮ್ನೆ ಮನೆ ಮುಂದೆ ಇರ್ಲಿ" ಎಂದ.

ನನಗೆ ಶನಿವಾರದ ಕರಿಹಲಗೆ ನೆನಪಾಯಿತು. "ಬೇಡ" ಎಂದೆ. "ಕೆಳಗಿನ ಪುಡಿ ತೆಗೀದೆ ಮೇಲೆ ಬಳಿದ್ರೆ ಹಪ್ಪಳ ಎದ್ದಂಗೆ ಏಳುತ್ತೆ. ಕತ್ತರ್ಸು ಆಚಾರಿ."

"ಮಾತಾಡಿದ್ಳಪ್ಪಾ ನಮ್ಮ ವದಿನ!" ಎಂದು ಆಚಾರಿ ಕತ್ತರಿ ಹುಡುಕಲು ಹೋದ.

ಮೂರು ವಾರ ನಾನು ದಿನಾ ಶೆಡ್ಡಿಗೆ ಹೋದೆ. ನಿಮ್ಮನ್ನು ಶಾಲೆಗೆ ಕಳಿಸಿ, ಅಡುಗೆ ಮುಗಿಸಿ, ಸೆರಗು ಹೊದ್ದು. ಮೊದಲ ದಿನ ಬಾಗಿಲಿನ ಕೆಳಭಾಗ ಕತ್ತರಿಸಿ ತೆಗೆದಾಗ ಆಚಾರಿ ಒಳಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದ. ನಾನು ಬೇರೆ ಕಡೆ ನೋಡುತ್ತ ಕುಳಿತಿದ್ದೆ. "ಚೌಕಟ್ಟು ಬದುಕೈತೆ" ಎಂದ. ಆ ದಿನ ಮನೆಗೆ ಹೋಗುವಾಗ ಯಾರೂ ಕೇಳದೆ ದಾರಿಯಲ್ಲಿ ಎದುರಾದ ಹೂವಿನವಳ ಹತ್ತಿರ ಎರಡು ಮಾತಾಡಿದೆ.

ತಗಡು ಬೆಸೆದಾದ ಮೇಲೆ ಹಳೆ ಬಣ್ಣ ಉಜ್ಜುವ ಕೆಲಸ. ಅದೇ ಬಾಗಿಲಿನ ಮೇಲ್ಭಾಗ, ಕಿಟಕಿಯ ಅಂಚಿನ ಕೆಳಗೆ ಆಚಾರಿ ಕೈ ನಿಲ್ಲಿಸಿದ. "ಇದೇನಿದು? ಕೋಳಿ ಕೆರೆದಂಗೆ ಸಾಲು ಸಾಲು ಗೀರು. ಇದು ನಾರಿಂದಲ್ಲ. ಬಲೇ ಹಳೇದು."

ನನಗೆ ನೋಡುತ್ತಲೇ ಗೊತ್ತಾಯಿತು. ನನ್ನ ಕೈ ತಾನಾಗಿಯೇ ಹೋಗಿ, ಮೂವತ್ತೈದು ವರ್ಷ ಕೂತ ರೀತಿಯಲ್ಲೇ, ಆ ಕಿಟಕಿಯ ಅಂಚಿನ ಮೇಲೆ ಕೂತಿತು. ಗಾಜಿನ ಬಳೆ ಇದ್ದ ಜಾಗ ನೇರವಾಗಿ ಆ ಗೀರುಗಳ ಮೇಲೆ ಬಂತು. ಈಗ ಅಲ್ಲಿ ಬಳೆಯಿಲ್ಲ. ಆಚಾರಿ ಬರೀ ಕೈ ನೋಡಿದ, ಗೀರು ನೋಡಿದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

"ಇದನ್ನ ಹಂಗೇ ಬಿಟ್ಬಿಡ್ಲಾ ವದಿನಮ್ಮಾ?" ಎಂದ ಮೆತ್ತಗೆ. "ಮೇಲೆ ಬಣ್ಣ ಇಲ್ದಿರೋ ಲ್ಯಾಕರ್ ಕೊಟ್ಬಿಡ್ತೀನಿ. ಕಾಣ್ತಿರುತ್ತೆ."

ಬಿಡು ಎನ್ನಲು ಬಾಯಿ ತೆರೆದಿದ್ದೆ. ಬಗ್ಗಿ ಹತ್ತಿರದಿಂದ ನೋಡಿದೆ. ಒಂದೊಂದು ಗೀರಿನೊಳಗೂ ಕೂದಲೆಳೆಯಷ್ಟು ಕೆಂಪು ಇಳಿದಿತ್ತು. ತುಕ್ಕಿಗೆ ಯಾರ ಬಳೆ ಎಂದು ಗೊತ್ತೇ? ಇದನ್ನು ಮುಚ್ಚಿಟ್ಟರೆ ನಾಳೆ ಇಲ್ಲಿಂದಲೇ ಶುರು.

"ಆ ಉಪ್ಪು ಕಾಗದ ಇಲ್ಲಿ ಕೊಡು" ಎಂದೆ.

ಕಾಗದ ನೀರಿನಲ್ಲಿ ಅದ್ದಿ ಸುತ್ತು ಸುತ್ತಾಗಿ ಉಜ್ಜಬೇಕು, ಒತ್ತಬಾರದು. ಅದನ್ನು ನನಗೆ ಹೇಳಿಕೊಡಬೇಕಾಗಲಿಲ್ಲ. ಕೆನೆ ಬಣ್ಣ ಹಾಲಿನಂತೆ ಇಳಿಯಿತು. ಅದರ ಕೆಳಗೆ ಇಟ್ಟಿಗೆ ಕೆಂಪಿನ ಹಳೆಯ ಪ್ರೈಮರ್, ಅಂದರೆ ಅಡಿಬಣ್ಣ. ಅದರ ಕೆಳಗೆ ತಗಡು. ಆ ಕಾರಿನ ನಿಜವಾದ ಮೈಯನ್ನು ನಾನು ಅಂದೇ ನೋಡಿದ್ದು. ಬೆಳ್ಳಿಯ ಹಾಗೆ ಇತ್ತು. ಗೀರುಗಳು ಒಂದೊಂದಾಗಿ ಹೋದವು. ಅಳು ಬರುತ್ತದೆಂದು ಹೆದರಿದ್ದೆ. ಬರಲಿಲ್ಲ. ತೋಳು ನೋಯುತ್ತಿತ್ತು, ಹಸಿವಾಗಿತ್ತು. ಆಚಾರಿ ಹೋಟೆಲಿನಿಂದ ದೋಸೆ ತರಿಸಿದ. ಎರಡು ತಿಂದೆ. ಕಾಗದದ ಚೂರನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದೆ. ನೀವಿಬ್ಬರೂ ನೆಕ್ಕಿದ್ದು ಅದನ್ನೇ.

ಬಣ್ಣದ್ದು ಇನ್ನೊಂದು ಪಾಡು. ಬಣ್ಣದ ಮಾದರಿಗೆಂದು ಪೆಟ್ರೋಲ್ ಮುಚ್ಚಳ ಬಿಚ್ಚಿಕೊಂಡು ಕೋಲಾರದ ಬಣ್ಣದ ಅಂಗಡಿಗೆ ಹೋದೆವು. ಅಂಗಡಿಯವನು ಕಂಪ್ಯೂಟರಿಗೆ ತೋರಿಸಿ, ಇದೇ ಕೆನೆ ಬಣ್ಣ ಎಂದು ಕಲಸಿಕೊಟ್ಟ. ನಾನು ಬೆರಳಲ್ಲಿ ಅದ್ದಿ ನೋಡಿ, "ಇದು ಎಮ್ಮೆ ಹಾಲಿನ ಕೆನೆ. ನಮ್ಮದು ಹಸುವಿನ ಹಾಲಿಂದು" ಎಂದೆ. ಅಂಗಡಿಯವನು ಹಳದಿ ಎರಡು ಹನಿ ಹಾಕಿದ. ಇನ್ನೂ ಎರಡು ಹನಿ. ಕೊನೆಗೆ ಕೈ ಮುಗಿದ. ಹೊಡೆದು ನೋಡಿದರೆ ಆ ಬಾಗಿಲು ಬೇರೆ, ಉಳಿದ ಮೂರು ಬೇರೆ. "ಅವು ಮೂರು ನಲವತ್ತು ವರ್ಷ ಬಿಸಿಲು ಕುಡಿದಿವೆ ವದಿನಮ್ಮಾ. ಇದು ಇವತ್ತು ಹುಟ್ಟಿದ್ದು. ಹೆಂಗೆ ಒಂದಾಗುತ್ತೆ?" ಎಂದ ಆಚಾರಿ. ಅಡಿಗೆ ಡಾಂಬರಿನಂಥ ಕಪ್ಪು ಲೇಪ ಬಳಿದು, ಬಾಗಿಲುಗಳ ಒಳಮೈಗೆ ಎಣ್ಣೆ ಬಿಟ್ಟು, ನನಗೆ ಪಾಠ ಹೇಳಿದ. ತೊಳೆದರೆ ಮೆತ್ತನೆ ಬಟ್ಟೆ, ಕಾರಿಗೆಂದೇ ಸಿಗುವ ಸೋಪು. ತೊಳೆದ ಮೇಲೆ ಒರೆಸಿ, ನಾಲ್ಕೂ ಬಾಗಿಲು ತೆರೆದು ಗಾಳಿಗೆ ಬಿಡಬೇಕು. ಪ್ಲಾಸ್ಟಿಕ್ಕು ಬೇಡವೇ ಬೇಡ, ಹೊದಿಸಿದರೆ ಹತ್ತಿ ಬಟ್ಟೆ. ಗುಳ್ಳೆ ಕಂಡರೆ ಸಾಸಿವೆಯಷ್ಟಿರುವಾಗಲೇ ತೋರಿಸಬೇಕು. "ಎಲ್ಲಕ್ಕಿಂತ ಮುಖ್ಯ, ಓಡಿಸ್ತಿರಿ. ನಿಂತಿದ್ದೇ ಅದಕ್ಕೆ ರೋಗ" ಎಂದ. ಇದನ್ನೆಲ್ಲ ನೀವೂ ನೆನಪಿಟ್ಟುಕೊಳ್ಳಿ.

ತಿಂಗಳು ಮುಗಿಯಲು ಒಂದು ದಿನ ಇರುವಾಗ ಆರ್‌ಟಿಓ ಮೈದಾನಕ್ಕೆ ಹೋದೆವು. ತಾತ ಹೋದ ಮೇಲೆ ಕಾರು ನನ್ನ ಹೆಸರಿಗಾಗಿತ್ತು, ಸಹಿಗೆ ನಾನು ಬೇಕಿತ್ತು. ಗಾಡಿಗಳ ಸಾಲು, ಗಂಡಸರ ಗುಂಪು. ನಾನು ಕಾರಿನ ಮರೆಯಲ್ಲಿ ನಿಂತೆ. ಪರೀಕ್ಷೆ ಮಾಡಲು ಬಂದ ಅಧಿಕಾರಿ ಒಬ್ಬ ಹೆಣ್ಣುಮಗಳು, ಖಾಕಿ ಬಟ್ಟೆ, ಕೈಯಲ್ಲಿ ರಟ್ಟು. ದೀಪ ನೋಡಿದಳು, ಬ್ರೇಕು ನೋಡಿದಳು, ಬಗ್ಗಿ ಅಡಿ ನೋಡಿದಳು. ಹಿಂದಿನ ಎಡಬಾಗಿಲ ಹತ್ತಿರ ನಿಂತಳು.

"ಇದೊಂದು ಬಾಗಿಲು ಯಾಕೆ ಬೇರೆ ಬಣ್ಣ? ಏನು ಮುಚ್ಚಿದೀರಾ ಕೆಳಗೆ?"

ನಿಮ್ಮ ಅಪ್ಪ ಮುಂದೆ ಬಂದ. ಆಕೆ ಕಾಗದ ನೋಡಿ, "ಓನರು ಇವರಲ್ವಾ? ಅಮ್ಮಾ, ನೀವು ಹೇಳಿ" ಎಂದಳು.

ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದಂತಾಯಿತು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಉತ್ತರ ನನಗೆ ಗೊತ್ತಿತ್ತು. ನನ್ನಷ್ಟು ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ತೊಳೆದು ಒರೆಸ್ದೆ ಮುಚ್ಚಿಡ್ತಿದ್ದೆ ತಾಯಿ, ತುಕ್ಕು ಹಿಡೀತು" ಎಂದೆ. "ಕೊಳೆತಿದ್ದೆಲ್ಲ ಕತ್ತರ್ಸಿ ಹೊಸ ತಗಡು ಹಾಕ್ಸಿದೀನಿ. ಪುಟ್ಟಿ ಮೆತ್ತಿಲ್ಲ. ಬೇಕಾದ್ರೆ ತಟ್ಟಿ ನೋಡು."

ಆಕೆ ತಟ್ಟಲಿಲ್ಲ. ಜೇಬಿನಿಂದ ಅಂಗಿಯ ಗುಂಡಿಯಷ್ಟಗಲದ ಆಯಸ್ಕಾಂತ ತೆಗೆದು ಬಾಗಿಲಿನ ಕೆಳಗೆ ಹಿಡಿದಳು. ಪುಟ್ಟಿಗೆ ಅದು ಅಂಟುವುದಿಲ್ಲವಂತೆ. ಟಕ್ ಎಂದು ಕಚ್ಚಿಕೊಂಡಿತು. ಇನ್ನೊಂದು ಕಡೆ ಇಟ್ಟಳು. ಟಕ್. ಕಿತ್ತುಕೊಳ್ಳಲು ಆಕೆಗೇ ಸ್ವಲ್ಪ ಕಷ್ಟವಾಯಿತು. ನನ್ನ ಕಡೆ ನೋಡಿ ನಕ್ಕಳು. ರಟ್ಟಿನ ಮೇಲೆ ಕಾಗದವಿಟ್ಟು ಬರೆಯತೊಡಗಿದಳು.

"ಐದು ವರ್ಷಕ್ಕೆ ಬರ್ದಿದೀನಮ್ಮ" ಎಂದಳು. "ಆಮೇಲೆ ಮತ್ತೆ ತಂದು ತೋರಿಸ್ಬೇಕು. ಆಗ ಯಾರು ತರ್ತೀರಾ?"

ನಿಮ್ಮ ಅಪ್ಪ ಬಾಯಿ ತೆರೆದ. ನನಗೆ ಈಗ ಅರವತ್ತೇಳು. ಐದು ಕೂಡಿಸಿದರೆ ಎಷ್ಟೆಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ.

"ನಾನೇ ತರ್ತೀನಿ" ಎಂದೆ. ಮೈದಾನದ ಆ ಕೊನೆಯಲ್ಲಿದ್ದ ಟೆಂಪೋ ಡ್ರೈವರು ತಿರುಗಿ ನೋಡುವಷ್ಟು ಜೋರಾಗಿ ಬಂತು.